ಕಂಪ್ಯೂಟರ್‌ನ ವಿಡಿಯೋ ಟಿವಿಗೆ ಬರುತ್ತಿಲ್ಲವೇ? ಜೆಲ್ಲಿಫಿನ್ ತೊಂದರೆ ಪತ್ತೆ ಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಮನೆಯ ಕಂಪ್ಯೂಟರ್‌ನಲ್ಲಿರುವ ಸಿನಿಮಾ, ಹಾಡು, ಮದುವೆ ವಿಡಿಯೋಗಳನ್ನು ಹಾಲ್‌ನ ಟಿವಿಗೋ ಕೈಯಲ್ಲಿರುವ ಫೋನಿಗೋ ಕಳಿಸಲು ಜೆಲ್ಲಿಫಿನ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡವರ ದೂರುಗಳನ್ನು ಸೋಸಿದರೆ ಉಳಿಯುವುದು ಮೂರೇ. ಟಿವಿಗೆ ಸರ್ವರ್, ಅಂದರೆ ಕಂಪ್ಯೂಟರ್‌ನಲ್ಲಿ ಓಡುತ್ತ ವಿಡಿಯೋ ಕಳಿಸುವ ಜೆಲ್ಲಿಫಿನ್ ಭಾಗ, ಕಾಣುವುದಿಲ್ಲ. ಕಾಣುತ್ತದೆ, ವಿಡಿಯೋ ಶುರುವಾಗುವುದಿಲ್ಲ. ಶುರುವಾಗುತ್ತದೆ, ನಿಂತು ನಿಂತು ಓಡುತ್ತದೆ. ಈ ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಮೊದಲನೆಯದು ವಿಳಾಸ ಮತ್ತು ಫೈರ್‌ವಾಲ್‌ನ (ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲಿನ) ವಿಷಯ. ಎರಡನೆಯದು ಫೈಲು ಮತ್ತು ಅದನ್ನು ಓದುವ ಅನುಮತಿಯದು. ಮೂರನೆಯದರ ಮೂಲ ವೈ-ಫೈನಲ್ಲಿರುತ್ತದೆ, ಇಲ್ಲವೇ ಪ್ರೊಸೆಸರ್‌ನಲ್ಲಿ.

ಸೆಟ್ಟಿಂಗ್ ಮುಟ್ಟುವ ಮೊದಲೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ವಿಡಿಯೋ ತಡವರಿಸಿದ ಕೂಡಲೇ ಬ್ರಾಡ್‌ಬ್ಯಾಂಡ್ ಪ್ಲ್ಯಾನನ್ನು 50 ಎಂಬಿಪಿಎಸ್‌ನಿಂದ 200ಕ್ಕೆ ಏರಿಸುವವರಿದ್ದಾರೆ. ಅದು ದುಡ್ಡು ದಂಡ. ಮನೆಯೊಳಗಿನ ಕಂಪ್ಯೂಟರ್‌ನಿಂದ ಮನೆಯೊಳಗಿನ ಟಿವಿಗೆ ಹೋಗುವ ವಿಡಿಯೋ ರೂಟರ್ ದಾಟಿ ಹೊರಗೆ ಹೋಗುವುದೇ ಇಲ್ಲ. ಇಂಟರ್ನೆಟ್ ಪೂರ್ತಿ ಬಂದ್ ಆದ ದಿನವೂ ಅದು ಓಡಬೇಕು. ಸ್ಪೀಡ್ ಟೆಸ್ಟ್ ಆಪ್ ತೋರಿಸುವ ಅಂಕಿಗೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಿ

ದಾರಿ ಎಲ್ಲಿ ತುಂಡಾಗಿದೆ ಎಂದು ತಿಳಿಯಲು ನಾಲ್ಕು ಪರೀಕ್ಷೆ ಸಾಕು. ಕ್ರಮ ತಪ್ಪಿಸಬೇಡಿ.

1. ಸರ್ವರ್ ಇರುವ ಕಂಪ್ಯೂಟರ್‌ನಲ್ಲೇ ಬ್ರೌಸರ್ ತೆರೆದು 127.0.0.1:8096 ಎಂದು ಟೈಪ್ ಮಾಡಿ. ಜೆಲ್ಲಿಫಿನ್ ಪುಟ ಬರದಿದ್ದರೆ ಸರ್ವರ್ ಓಡುತ್ತಲೇ ಇಲ್ಲ ಎಂದರ್ಥ. ನೆಟ್‌ವರ್ಕ್ ಕಡೆ ಕಣ್ಣು ಹಾಕುವ ಅಗತ್ಯವೇ ಇಲ್ಲ.

2. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಆಜ್ಞೆ ಕೊಟ್ಟು ಕಂಪ್ಯೂಟರ್‌ನ ಐಪಿವಿ4 ವಿಳಾಸ ನೋಡಿಕೊಳ್ಳಿ. ಅದು 192.168.1.20 ಎಂದಿದ್ದರೆ ಅದೇ ಬ್ರೌಸರ್‌ನಲ್ಲಿ 192.168.1.20:8096 ತೆರೆಯಿರಿ. ವಿಳಾಸ 169.254 ಎಂದು ಶುರುವಾದರೆ ರೂಟರ್‌ನಿಂದ ಕಂಪ್ಯೂಟರ್‌ಗೆ ವಿಳಾಸವೇ ಸಿಕ್ಕಿಲ್ಲ. ಕೇಬಲ್ ಅಥವಾ ವೈ-ಫೈ ಸಂಪರ್ಕವನ್ನೇ ಮೊದಲು ಸರಿಮಾಡಿ.

3. ಅದೇ ವೈ-ಫೈಗೆ ಜೋಡಿಸಿದ ಫೋನಿನ ಬ್ರೌಸರ್‌ನಲ್ಲಿ ಅದೇ ವಿಳಾಸ ಹಾಕಿ. ಮೊಬೈಲ್ ಡೇಟಾ ಮತ್ತು ವಿಪಿಎನ್ ಎರಡನ್ನೂ ಆಫ್ ಮಾಡಿರಬೇಕು.

4. ಕೊನೆಗೆ ಟಿವಿ ಆಪ್‌ನಲ್ಲಿ ಸರ್ವರ್ ವಿಳಾಸವನ್ನು ಕೈಯಾರೆ ಟೈಪ್ ಮಾಡಿ. ತಾನಾಗಿಯೇ ಹುಡುಕಿಕೊಳ್ಳುತ್ತದೆಂದು ಕಾಯಬೇಡಿ.

ಎರಡನೆಯದು ಗೆದ್ದು ಮೂರನೆಯದು ಸೋತರೆ ಅಪರಾಧಿ ಫೈರ್‌ವಾಲ್ ಅಥವಾ ರೂಟರ್. ಮೂರನೆಯದೂ ಗೆದ್ದು ಟಿವಿಯಲ್ಲಿ ಮಾತ್ರ ಸೋತರೆ ಟಿವಿ ಬೇರೆ ನೆಟ್‌ವರ್ಕ್‌ನಲ್ಲಿದೆ, ಇಲ್ಲವೇ ಆಪ್ ಹಳತಾಗಿದೆ. ಪಿಂಗ್ (ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ಕೇಳುವ ಆಜ್ಞೆ) ಮಾಡಿ ನೋಡಿ ತೀರ್ಮಾನಕ್ಕೆ ಬರಬೇಡಿ. ವಿಂಡೋಸ್ ಫೈರ್‌ವಾಲ್ ಎಷ್ಟೋ ಸಲ ಪಿಂಗ್‌ಗೆ ಉತ್ತರ ಕೊಡದೆ ಸುಮ್ಮನಿರುತ್ತದೆ. ಜೆಲ್ಲಿಫಿನ್‌ನ ಬಾಗಿಲಾದ ಪೋರ್ಟ್ 8096 ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ.

ಸರ್ವರ್ ಕಾಣದಿದ್ದರೆ: ಫೈರ್‌ವಾಲ್

ಕೆರೆ ತುಂಬಿದೆ, ಕಾಲುವೆ ಸರಿಯಿದೆ, ತೂಬು ಮುಚ್ಚಿದೆ. ವಿಂಡೋಸ್‌ನಲ್ಲಿ ಆಗುವುದು ಬಹುಪಾಲು ಇದೇ. ವಿಂಡೋಸ್ 11 ಹೊಸ ನೆಟ್‌ವರ್ಕನ್ನು ಪಬ್ಲಿಕ್ ಎಂದೇ ಭಾವಿಸುತ್ತದೆ, ಅಂದರೆ ಬಸ್ ಸ್ಟ್ಯಾಂಡಿನ ವೈ-ಫೈನಷ್ಟೇ ಅನುಮಾನದಿಂದ ನೋಡುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಮತ್ತು ಇಂಟರ್ನೆಟ್, ನಂತರ ನಿಮ್ಮ ವೈ-ಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಎಂದು ಬದಲಿಸಿ. ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಕಾರಣ ಇನ್ನಷ್ಟು ಒಳಗಿರುತ್ತದೆ. ಜೆಲ್ಲಿಫಿನ್ ಮೊದಲ ಸಲ ಶುರುವಾದಾಗ ಅನುಮತಿ ಕೇಳುವ ಒಂದು ಪೆಟ್ಟಿಗೆ ಮೂಡುತ್ತದೆ. ಅವಸರದಲ್ಲಿ ಕ್ಯಾನ್ಸಲ್ ಒತ್ತಿದರೆ ವಿಂಡೋಸ್ ಸುಮ್ಮನಾಗುವುದಿಲ್ಲ. ಆ ಪ್ರೋಗ್ರಾಂಗೆ ತಡೆ ನಿಯಮಗಳನ್ನೇ ಬರೆದಿಡುತ್ತದೆ. ಆಮೇಲೆ ನೀವು ಪೋರ್ಟ್ 8096ಕ್ಕೆ ಅನುಮತಿ ನಿಯಮ ಸೇರಿಸಿದರೂ ಪ್ರಯೋಜನವಿಲ್ಲ. ತಡೆ ಮತ್ತು ಅನುಮತಿ ಎದುರಾದಾಗ ಗೆಲ್ಲುವುದು ತಡೆಯೇ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ಅಡ್ವಾನ್ಸ್‌ಡ್ ಸೆಕ್ಯುರಿಟಿ ತೆರೆದು, ಇನ್‌ಬೌಂಡ್ ರೂಲ್ಸ್ ಪಟ್ಟಿಯಲ್ಲಿ ಜೆಲ್ಲಿಫಿನ್ ಹೆಸರಿನ ಮುಂದೆ ಕೆಂಪು ಚಿಹ್ನೆ ಇರುವ ಸಾಲುಗಳನ್ನೆಲ್ಲ ಅಳಿಸಿ. ನಂತರ ಹೊಸ ನಿಯಮ ಬರೆಯಿರಿ: ಟಿಸಿಪಿ 8096, ಪ್ರೈವೇಟ್ ಪ್ರೊಫೈಲ್ ಮಾತ್ರ. ಆಪ್‌ಗಳು ಸರ್ವರನ್ನು ತಾವೇ ಹುಡುಕಿಕೊಳ್ಳಬೇಕಾದರೆ ಯುಡಿಪಿ 7359 ಕೂಡ ತೆರೆದಿರಬೇಕು. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದರೊಳಗೂ ಇನ್ನೊಂದು ಫೈರ್‌ವಾಲ್ ಕುಳಿತಿರಬಹುದು, ಅದನ್ನೂ ನೋಡಿ. ಉಬುಂಟು ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಚಾಲೂ ಇದ್ದರೆ ಅಲ್ಲೂ ಇವೇ ಎರಡು ಪೋರ್ಟ್.

ಪರೀಕ್ಷೆಗೆಂದು ಫೈರ್‌ವಾಲನ್ನು ಎರಡು ನಿಮಿಷ ಪೂರ್ತಿ ಆಫ್ ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಹಾಗೇ ಬಿಟ್ಟುಬಿಡುವುದು ತಪ್ಪು.

ಸರ್ವರ್ ಕಾಣದಿದ್ದರೆ: ರೂಟರ್

ಫೈಬರ್ ಸಂಪರ್ಕ ಕೊಟ್ಟವರು ಗೋಡೆಗೆ ಒಂದು ಪೆಟ್ಟಿಗೆ ಹಾಕಿಹೋಗುತ್ತಾರೆ. ಸಿಗ್ನಲ್ ಸಾಲದೆಂದು ಮನೆಯವರು ಇನ್ನೊಂದು ರೂಟರ್ ತಂದು, ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟ್‌ಗೆ ಕೇಬಲ್ ಸಿಕ್ಕಿಸುತ್ತಾರೆ. ಈಗ ಮನೆಯಲ್ಲಿ ಎರಡು ನೆಟ್‌ವರ್ಕ್. ಒಂದು 192.168.1ರಿಂದ ಶುರುವಾದರೆ ಇನ್ನೊಂದು 192.168.0ಯಿಂದ. ಎರಡಕ್ಕೂ ಒಂದೇ ವೈ-ಫೈ ಹೆಸರಿಟ್ಟಿದ್ದರಂತೂ ಯಾವ ಸಾಧನ ಯಾವ ಕಡೆ ಇದೆ ಎಂಬುದೇ ಗೊತ್ತಾಗುವುದಿಲ್ಲ. ಟಿವಿಯ ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ವಿಳಾಸ ನೋಡಿ. ಚುಕ್ಕೆಗಳಿಂದ ಬೇರೆಯಾದ ಮೊದಲ ಮೂರು ಸಂಖ್ಯೆಗಳು (192.168.1ರಂತೆ) ಕಂಪ್ಯೂಟರ್‌ನದರ ಜೊತೆ ಹೊಂದದಿದ್ದರೆ ರೋಗ ಇದೇ. ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು ಮೊದಲ ರೂಟರ್‌ನ ಸಾಲಿನಲ್ಲೇ ಯಾರಿಗೂ ಸಿಗದ ಒಂದು ಸಂಖ್ಯೆಗೆ ಬದಲಿಸಿ, ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನು ವ್ಯಾನ್‌ನಿಂದ ಲ್ಯಾನ್ ಪೋರ್ಟ್‌ಗೆ ಸರಿಸಿ.

ಗೆಸ್ಟ್ ವೈ-ಫೈನಲ್ಲಿ ಟಿವಿ ಜೋಡಿಸಿದ್ದರೂ ಸರ್ವರ್ ಕಾಣುವುದಿಲ್ಲ. ಅತಿಥಿಗಳು ಮನೆಯ ಸಾಧನಗಳನ್ನು ಮುಟ್ಟದಿರಲೆಂದೇ ಅದು ಇರುವುದು. ರೂಟರ್ ಪುಟದಲ್ಲಿ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ ಎಂಬುದು ಆನ್ ಆಗಿದ್ದರೂ ಇದೇ ಕಥೆ. ಐಫೋನಿನಲ್ಲಿ ಮಾತ್ರ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ನೋಡಿ. ಐಒಎಸ್ 14ರಿಂದ ಇದನ್ನು ಪ್ರತಿ ಆಪ್‌ಗೂ ಬೇರೆಯಾಗಿ ಕೊಡಬೇಕು.

ನಿನ್ನೆ ಕಂಡದ್ದು ಇಂದು ಕಾಣದಿದ್ದರೆ ಕಂಪ್ಯೂಟರ್‌ನ ಐಪಿ ಬದಲಾಗಿದೆ. ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಮಾಡಿ ಒಂದೇ ವಿಳಾಸ ಕಾಯಂ ಮಾಡಿಬಿಡಿ. ವರ್ಚುವಲ್‌ಬಾಕ್ಸ್ ಅಥವಾ ಡಬ್ಲ್ಯುಎಸ್‌ಎಲ್ (ಕಂಪ್ಯೂಟರ್‌ನೊಳಗೆ ಇನ್ನೊಂದು ವ್ಯವಸ್ಥೆ ಓಡಿಸುವ ಸಾಫ್ಟ್‌ವೇರ್) ಹಾಕಿದ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ಸೋಜಿಗ ನಡೆಯುತ್ತದೆ: 192.168.56.1 ಅಥವಾ 172ರಿಂದ ಶುರುವಾಗುವ ನಕಲಿ ಅಡಾಪ್ಟರ್‌ನ ವಿಳಾಸವನ್ನೇ ಸರ್ವರ್ ಊರಿಗೆಲ್ಲ ಸಾರುತ್ತದೆ, ಟಿವಿ ಅಲ್ಲಿಗೆ ಹೋಗಿ ಬರಿಗೈಲಿ ಮರಳುತ್ತದೆ. ಜೆಲ್ಲಿಫಿನ್ ಡ್ಯಾಶ್‌ಬೋರ್ಡ್‌ನ ನೆಟ್‌ವರ್ಕಿಂಗ್ ಪುಟದಲ್ಲಿ ನಿಜವಾದ ವಿಳಾಸಕ್ಕೆ ಕಟ್ಟಿಹಾಕಿ, ಸರ್ವರ್ ರೀಸ್ಟಾರ್ಟ್ ಮಾಡಿ.

ಹಳೆಯ ಟಿವಿಗಳ ಡಿಎಲ್‌ಎನ್‌ಎ

ಆಪ್ ಹಾಕಲಾಗದ ಟಿವಿಗಳು ಡಿಎಲ್‌ಎನ್‌ಎ (ಸಾಧನಗಳು ವಿಡಿಯೋ ಹಂಚಿಕೊಳ್ಳುವ ಹಳೆಯ ಪದ್ಧತಿ) ಮೂಲಕ ಸರ್ವರ್ ಹುಡುಕುತ್ತವೆ. ಅವು 239.255.255.250 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ, ಯುಡಿಪಿ 1900ರಲ್ಲಿ ಕೂಗು ಹಾಕುತ್ತವೆ. ಆ ಕೂಗು ಒಂದು ಸಬ್‌ನೆಟ್‌ನಿಂದ (ಒಂದು ರೂಟರ್‌ನ ವಿಳಾಸಗಳ ಗುಂಪಿನಿಂದ) ಇನ್ನೊಂದಕ್ಕೆ ದಾಟುವುದಿಲ್ಲ. ಎರಡು ರೂಟರ್ ಇರುವ ಮನೆಯಲ್ಲಿ ವಿಳಾಸ ಟೈಪ್ ಮಾಡಿದರೆ ಬರುವ ಸರ್ವರ್ ಡಿಎಲ್‌ಎನ್‌ಎ ಪಟ್ಟಿಯಲ್ಲಿ ಕಾಣದಿರಲು ಇದೇ ಕಾರಣ. ಜೆಲ್ಲಿಫಿನ್ 10.9ರಿಂದ, ಅಂದರೆ 2024ರಿಂದ, ಡಿಎಲ್‌ಎನ್‌ಎ ಪ್ರತ್ಯೇಕ ಪ್ಲಗಿನ್ ಆಗಿದೆ. ಅಪ್‌ಡೇಟ್ ಆದ ಮೇಲೆ ಟಿವಿಯಿಂದ ಸರ್ವರ್ ಮಾಯವಾಗಿದ್ದರೆ ಪ್ಲಗಿನ್ ಪಟ್ಟಿಯಲ್ಲಿ ಅದನ್ನು ಹಾಕಿಕೊಳ್ಳಿ. ಆದರೂ ಡಿಎಲ್‌ಎನ್‌ಎಯೊಂದಿಗೆ ಗುದ್ದಾಡುವುದಕ್ಕಿಂತ ಆಂಡ್ರಾಯ್ಡ್ ಟಿವಿ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಸಿಕ್ಕಿಸಿ ಜೆಲ್ಲಿಫಿನ್ ಆಪ್ ಹಾಕುವುದೇ ಜಾಣತನ. ಡಿಎಲ್‌ಎನ್‌ಎಯಲ್ಲಿ ಸಬ್‌ಟೈಟಲ್, ಮುಂದಕ್ಕೆ ಓಡಿಸುವುದು, ಬಿಟ್ಟಲ್ಲಿಂದ ಮುಂದುವರಿಸುವುದು ಎಲ್ಲವೂ ಟಿವಿ ಕಂಪನಿಯ ಮರ್ಜಿ.

ಕಾಣುತ್ತದೆ, ಓಡುವುದಿಲ್ಲ

ಮೊದಲ ಪ್ರಶ್ನೆ: ಸರ್ವರ್‌ಗೆ ಫೈಲ್ ಸಿಗುತ್ತಿದೆಯೇ? ಪೋಸ್ಟರ್‌ಗಳೆಲ್ಲ ಕಾಣುತ್ತವೆ, ಒತ್ತಿದರೆ ಎರರ್ ಬರುತ್ತದೆ ಎಂದಾದರೆ ಹೊರಗಿನ ಹಾರ್ಡ್ ಡಿಸ್ಕ್‌ನ ಡ್ರೈವ್ ಅಕ್ಷರ ಬದಲಾಗಿರಬಹುದು. ಇ ಇದ್ದದ್ದು ಎಫ್ ಆಗಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಿ ಅಥವಾ ಕ್ಯೂನಂಥ ದೂರದ ಅಕ್ಷರ ಕಾಯಂ ಮಾಡಿ, ಲೈಬ್ರರಿಯ ಫೋಲ್ಡರ್ ದಾರಿಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ. ಜೆಲ್ಲಿಫಿನನ್ನು ವಿಂಡೋಸ್ ಸರ್ವಿಸ್ ಆಗಿ ಹಾಕಿದ್ದರೆ, ನೀವು ಲಾಗಿನ್ ಆದಾಗ ಕಾಣುವ ಜೆಡ್ ಮಾದರಿಯ ನೆಟ್‌ವರ್ಕ್ ಡ್ರೈವ್‌ಗಳು ಅದಕ್ಕೆ ಕಾಣುವುದಿಲ್ಲ.

ಲಿನಕ್ಸ್‌ನಲ್ಲಿ ಸರ್ವರ್ ಓಡುವುದು ಜೆಲ್ಲಿಫಿನ್ ಎಂಬ ತನ್ನದೇ ಬಳಕೆದಾರನ ಹೆಸರಿನಲ್ಲಿ. ಡೆಸ್ಕ್‌ಟಾಪ್ ತಾನಾಗಿ ಜೋಡಿಸುವ ಡಿಸ್ಕ್ ಮೀಡಿಯಾ ಫೋಲ್ಡರಿನೊಳಗೆ ನಿಮ್ಮ ಹೆಸರಿನಡಿ ಕೂರುತ್ತದೆ. ಆ ಬಾಗಿಲು ಬೇರೆಯವರಿಗೆ ತೆರೆಯುವುದಿಲ್ಲ. ಫೈಲಿಗೆ ಎಷ್ಟೇ ಧಾರಾಳವಾಗಿ ಅನುಮತಿ ಕೊಟ್ಟರೂ ಮೇಲಿನ ಒಂದು ಫೋಲ್ಡರ್ ಮುಚ್ಚಿದ್ದರೆ ಮುಗಿಯಿತು. ಎಫ್‌ಎಸ್‌ಟ್ಯಾಬ್ (fstab) ಎಂಬ ಕಡತದ ಮೂಲಕ ಡಿಸ್ಕನ್ನು ಬೇರೆ ಜಾಗದಲ್ಲಿ, ಉದಾಹರಣೆಗೆ ಎಂಎನ್‌ಟಿಯ ಒಳಗೆ, ಕಾಯಂ ಆಗಿ ಮೌಂಟ್ ಮಾಡುವುದೇ ನೇರ ದಾರಿ.

ಫೈಲ್ ಸಿಗುತ್ತಿದೆ ಎಂದಾದರೆ ಎರಡನೇ ಪ್ರಶ್ನೆ: ಅದನ್ನು ಟಿವಿ ಅರ್ಥಮಾಡಿಕೊಳ್ಳುತ್ತದೆಯೇ? ಎಂಕೆವಿ, ಎಂಪಿ4 ಎಂಬುವು ಬರೀ ಡಬ್ಬಿಗಳು. ಒಳಗಿನ ವಿಡಿಯೋ, ಆಡಿಯೋ ಯಾವ ಕೋಡೆಕ್‌ನದು, ಅಂದರೆ ಯಾವ ವಿಧಾನದಲ್ಲಿ ಕುಗ್ಗಿಸಿದ್ದು, ಎಂಬುದು ಮುಖ್ಯ. ಚಿತ್ರ ಬರುತ್ತದೆ, ಸದ್ದಿಲ್ಲ ಎಂದರೆ ಮೊದಲು ಸಂಶಯಿಸಬೇಕಾದ್ದು ಡಿಟಿಎಸ್ ಆಡಿಯೋ. ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಕೈಬಿಟ್ಟಿತು. ಎಲ್‌ಜಿಯ 2021ರ ಟಿವಿಗಳಲ್ಲೂ ಅದಿಲ್ಲ. ಪದೇ ಪದೇ ನೋಡುವ ಫೈಲಾದರೆ ಅವಿಡೆಮಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಡಿಯೋಗೆ ಕಾಪಿ, ಆಡಿಯೋಗೆ ಎಸಿ3, 640 ಕೆಬಿಪಿಎಸ್ ಎಂದು ಆರಿಸಿ ಉಳಿಸಿ. ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲವಾದ್ದರಿಂದ ಗುಣಮಟ್ಟ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಚಿತ್ರ ಹಸಿರು-ನೇರಳೆ ಬಣ್ಣಕ್ಕೆ ತಿರುಗಿದರೆ ಅದು ಡಾಲ್ಬಿ ವಿಷನ್ ಪ್ರೊಫೈಲ್ 5 ಫೈಲು. ಆ ಸೌಲಭ್ಯವಿಲ್ಲದ ಟಿವಿಗೆ ಸಾಮಾನ್ಯ ಎಚ್‌ಡಿಆರ್ ಅಥವಾ ಎಸ್‌ಡಿಆರ್ ಪ್ರತಿ ಬೇಕು.

ಮದುವೆ, ಗೃಹಪ್ರವೇಶದ ಹಳೆಯ ಡಿವಿಡಿಗಳ ವಿಡಿಯೋ ಎಂಪೆಗ್-2, 720×576 ಗಾತ್ರದ್ದು. ಅದೂ ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಸಾಲನ್ನು ಬೇರೆಯಾಗಿ ಮೂಡಿಸುವ ಹಳೆಯ ರೀತಿ) ಆಗಿರುತ್ತದೆ. ಫೋನಿನ ಬ್ರೌಸರ್ ಅದನ್ನು ನೇರವಾಗಿ ಓಡಿಸುವುದಿಲ್ಲ. ಟಿವಿ ಓಡಿಸಿದರೂ ಮಂಟಪದಲ್ಲಿ ಯಾರಾದರೂ ಕೈ ಆಡಿಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಮೂಡಬಹುದು. ಇಂಥವನ್ನು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಎಚ್.264 ಎಂಪಿ4ಗೆ ಒಮ್ಮೆ ಬದಲಿಸಿ ಇಟ್ಟುಬಿಡಿ. ವೆಬ್ ಆಪ್ಟಿಮೈಸ್ಡ್ ಎಂಬ ಚೌಕಕ್ಕೂ ಗುರುತು ಹಾಕಿ. ಎಂಪಿ4ರ ಸೂಚಿಕೆ ಫೈಲಿನ ಕೊನೆಯಲ್ಲಿದ್ದರೆ ಶುರುವಾಗಲು ತಡವಾಗುತ್ತದೆ, ಆ ಗುರುತು ಅದನ್ನು ಮುಂದಕ್ಕೆ ತರುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ನಿಂತು ನಿಂತು ಓಡಿದರೆ

ವಿಡಿಯೋ ಓಡುತ್ತಿರುವಾಗಲೇ ಸರ್ವರ್‌ನ ಡ್ಯಾಶ್‌ಬೋರ್ಡ್ ತೆರೆಯಿರಿ. ಯಾರು ಏನು ನೋಡುತ್ತಿದ್ದಾರೆ ಎಂಬುದರ ಜೊತೆಗೆ ಡೈರೆಕ್ಟ್ ಪ್ಲೇ (ಫೈಲನ್ನು ಇದ್ದ ಹಾಗೇ ಕಳಿಸುವುದು), ರೀಮಕ್ಸ್ (ಡಬ್ಬಿ ಮಾತ್ರ ಬದಲಿಸುವುದು), ಟ್ರಾನ್ಸ್‌ಕೋಡ್ (ಒಳಗಿನದನ್ನು ಬೇರೆ ಕೋಡೆಕ್ ಅಥವಾ ಬಿಟ್‌ರೇಟ್‌ಗೆ ಬದಲಿಸುವುದು) ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದೂ ಅಲ್ಲಿದೆ. ಮಾಹಿತಿ ಚಿಹ್ನೆ ಒತ್ತಿದರೆ ಟ್ರಾನ್ಸ್‌ಕೋಡ್ ಆಗುತ್ತಿರುವ ಕಾರಣವನ್ನೂ ಹೇಳುತ್ತದೆ. ಇದನ್ನು ನೋಡದೆ ರೂಟರ್ ಬದಲಿಸುವುದು ನಾಡಿ ಹಿಡಿಯದೆ ಕಷಾಯ ಕುಡಿಸಿದ ಹಾಗೆ.

ಡೈರೆಕ್ಟ್ ಪ್ಲೇ ಎಂದಿದ್ದೂ ತಡವರಿಸಿದರೆ ನೆಟ್‌ವರ್ಕೇ ಕಾರಣ. ಫೈಲಿನ ಗಾತ್ರವನ್ನು ಜಿಬಿಯಲ್ಲಿ ತೆಗೆದುಕೊಂಡು 8000ದಿಂದ ಗುಣಿಸಿ, ಅವಧಿಯ ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ ಎಂಬಿಪಿಎಸ್ ಸಿಗುತ್ತದೆ. ಎರಡು ಗಂಟೆಯ ಚಿತ್ರ 8 ಜಿಬಿ ಇದ್ದರೆ ಸುಮಾರು 9 ಎಂಬಿಪಿಎಸ್. ಅಷ್ಟೇ ಹೊತ್ತಿನ 60 ಜಿಬಿ 4ಕೆ ಫೈಲಿಗೆ 67. ಹೊಡೆದಾಟದ ದೃಶ್ಯಗಳಲ್ಲಿ ಇದು ಎಷ್ಟೋ ಮೇಲೇರುವುದರಿಂದ ಎರಡರಷ್ಟು ಅವಕಾಶ ಇಟ್ಟುಕೊಳ್ಳಿ.

ಕಂಪ್ಯೂಟರೂ ಟಿವಿಯೂ ವೈ-ಫೈನಲ್ಲೇ ಇದ್ದರೆ ಪ್ರತಿ ತುಣುಕು ಗಾಳಿಯಲ್ಲಿ ಎರಡು ಸಲ ಹೋಗುತ್ತದೆ: ಕಂಪ್ಯೂಟರ್‌ನಿಂದ ರೂಟರ್‌ಗೆ, ರೂಟರ್‌ನಿಂದ ಟಿವಿಗೆ. ಒಂದೇ ಬ್ಯಾಂಡ್ ಆದರೆ ವೇಗ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಮೊದಲು ಕೇಬಲ್ ಹಾಕಬೇಕಾದ್ದು ಕಂಪ್ಯೂಟರ್‌ಗೆ, ಟಿವಿಗೆ ಆಮೇಲೆ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ದುಬಾರಿ ಕೇಬಲ್ ಬೇಡ. ಎರಡು ಕಡೆಯೂ ಗಿಗಾಬಿಟ್ ಪೋರ್ಟ್ ಇದ್ದು ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ 100 ಎಂದೇ ತೋರಿಸಿದರೆ ಕೇಬಲ್‌ನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಸರಿಯಾಗಿ ಕ್ರಿಂಪ್ ಆಗಿಲ್ಲ. ಇನ್ನೊಂದು ವಿಚಿತ್ರ: ದೊಡ್ಡ ಬೆಲೆಯ ಟಿವಿಗಳಲ್ಲೂ ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್‌ನದೇ ಇರುವುದುಂಟು. ಭಾರಿ 4ಕೆ ಫೈಲುಗಳಿಗೆ ಆ ಟಿವಿಯಲ್ಲಿ 5 ಗಿಗಾಹರ್ಟ್ಜ್ ವೈ-ಫೈಯೇ ಮೇಲು.

2.4 ಗಿಗಾಹರ್ಟ್ಜ್ ಗೋಡೆ ದಾಟುತ್ತದೆ, ಆದರೆ ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದವರೆಲ್ಲ ಅದರಲ್ಲೇ ಕೂತಿರುತ್ತಾರೆ. ಅದನ್ನೇ ಬಳಸಬೇಕಾದರೆ ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ; ನಡುವಿನವು ಅಕ್ಕಪಕ್ಕದ ಎರಡಕ್ಕೂ ಅಡ್ಡಬರುತ್ತವೆ. 5 ಗಿಗಾಹರ್ಟ್ಜ್ ವೇಗದ್ದು, ಆದರೆ ಹಳೆಯ ತೊಟ್ಟಿಮನೆಯ ದಪ್ಪ ಗೋಡೆಗೂ ಆರ್‌ಸಿಸಿ ತಾರಸಿಗೂ ಸೋಲುತ್ತದೆ. ಊಹೆ ಬೇಡ: ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಅನ್ನು ಕಂಪ್ಯೂಟರ್‌ನಲ್ಲಿ ಸರ್ವರ್ ಆಗಿ ಓಡಿಸಿ, ಫೋನನ್ನು ಟಿವಿಯ ಪಕ್ಕದಲ್ಲೇ ಹಿಡಿದು ಅಳೆಯಿರಿ. ಮನೆಯೊಳಗಿನ ನಿಜವಾದ ವೇಗ ಅದು.

ಟ್ರಾನ್ಸ್‌ಕೋಡ್ ಎಂದಿದ್ದರೆ ಪ್ರೊಸೆಸರ್ ಏದುಸಿರು ಬಿಡುತ್ತಿದೆ. ಲಾಗ್ ಫೋಲ್ಡರ್‌ನಲ್ಲಿ ಎಫ್‌ಎಫ್‌ಎಂಪೆಗ್ ಹೆಸರಿನ ಇತ್ತೀಚಿನ ಕಡತದ ಕೊನೆಯ ಸಾಲುಗಳಲ್ಲಿ ಸ್ಪೀಡ್ ಎಂಬ ಅಂಕಿ ಇರುತ್ತದೆ. 1ಕ್ಕಿಂತ ಕಡಿಮೆ ಇದ್ದರೆ ನೋಡುವ ವೇಗಕ್ಕೆ ತಯಾರಿ ಸಾಲದು. ಕಾರಣವನ್ನು ಹೀಗೆ ಹುಡುಕಿ. ಟಿವಿ ಆಪ್‌ನ ಗುಣಮಟ್ಟದ ಸೆಟ್ಟಿಂಗ್ ಆಟೋ ಅಥವಾ ಕಡಿಮೆ ಬಿಟ್‌ರೇಟ್‌ನಲ್ಲಿದ್ದರೆ ಅತಿ ಹೆಚ್ಚಿನದಕ್ಕೆ ಏರಿಸಿ. ಎಷ್ಟೋ ಸಲ ಟ್ರಾನ್ಸ್‌ಕೋಡ್ ಅಲ್ಲೇ ನಿಲ್ಲುತ್ತದೆ. ಬ್ಲೂ-ರೇಯಿಂದ ಬಂದ ಪಿಜಿಎಸ್ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಆಪ್ ಅವನ್ನು ತೋರಿಸಲಾರದಾದರೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಮುದ್ರಿಸಬೇಕಾಗುತ್ತದೆ. ಸಬ್‌ಟೈಟಲ್ ಆಫ್ ಮಾಡಿದಾಗ ಸರಾಗವಾಗಿ ಓಡಿದರೆ ಕಾರಣ ಸಿಕ್ಕಿತು, ಅಕ್ಷರರೂಪದ ಎಸ್‌ಆರ್‌ಟಿ ಫೈಲ್ ಬಳಸಿ.

ಟ್ರಾನ್ಸ್‌ಕೋಡ್ ಬೇಕೇ ಬೇಕೆಂದರೆ ಹಾರ್ಡ್‌ವೇರ್ ಆಕ್ಸೆಲರೇಶನ್ (ಆ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವುದು) ಆನ್ ಮಾಡಿ. ಇಂಟೆಲ್‌ನ 7ನೇ ಪೀಳಿಗೆಯಿಂದ 10-ಬಿಟ್ ಎಚ್‌ಇವಿಸಿ, 11ನೇ ಪೀಳಿಗೆಯಿಂದ ಎವಿ1 ಡಿಕೋಡ್ ಚಿಪ್‌ನ ವಿಡಿಯೋ ಭಾಗವಾದ ಕ್ವಿಕ್ ಸಿಂಕ್‌ನಲ್ಲೇ ಇದೆ. ಚಿಪ್‌ಗೆ ಬಾರದ ಕೋಡೆಕ್‌ಗೆ ಗುರುತು ಹಾಕಿದರೆ ವಿಡಿಯೋ ಶುರುವಿನಲ್ಲೇ ಎರರ್ ಕೊಡುತ್ತದೆ, ಆದ್ದರಿಂದ ಎಲ್ಲ ಚೌಕಕ್ಕೂ ಟಿಕ್ ಹಾಕುವ ಚಪಲ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಜೋಡಿಸಿಕೊಂಡ ಪಿಸಿಯಾದರೆ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದೆಯೇ ನೋಡಿ. 12400ಎಫ್‌ನಂಥ ಚಿಪ್‌ಗಳಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಅಲ್ಲಿ ಗ್ರಾಫಿಕ್ಸ್ ಕಾರ್ಡಿನ ಎನ್‌ವಿಇಎನ್‌ಸಿ ಅಥವಾ ಎಎಂಎಫ್ ಆರಿಸಬೇಕು.

ಕನ್ನಡ ಸಬ್‌ಟೈಟಲ್ ಸರಿಯಾಗಿ ಮೂಡದಿದ್ದರೆ

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಫೈಲನ್ನು ಯಾರೋ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಆಗಿ ಉಳಿಸಿದ್ದಾರೆ. ಹಾಗೆ ಕಳೆದುಹೋದ ಅಕ್ಷರ ಮರಳುವುದಿಲ್ಲ, ಮೂಲ ಪ್ರತಿಯನ್ನೇ ಹುಡುಕಿ ಯುಟಿಎಫ್-8ರಲ್ಲಿ ಉಳಿಸಬೇಕು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬಹುದು. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿದರೆ ಉಳಿಯುತ್ತದೆ. ಬರೀ ಚೌಕಗಳಾದರೆ ಫಾಂಟ್ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಒಂದು ಫೋಲ್ಡರ್‌ಗೆ ಹಾಕಿ, ಪ್ಲೇಬ್ಯಾಕ್ ಸೆಟ್ಟಿಂಗ್‌ನ ಫಾಲ್‌ಬ್ಯಾಕ್ ಫಾಂಟ್ ಜಾಗದಲ್ಲಿ ಆ ಫೋಲ್ಡರ್ ತೋರಿಸಿ.

ಕರೆಂಟು, ನಿದ್ದೆ

ಅರ್ಧ ಗಂಟೆ ಓಡಿ ಸರ್ವರ್ ಮಾಯವಾದರೆ ಕಂಪ್ಯೂಟರ್ ನಿದ್ದೆಗೆ ಜಾರಿದೆ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನೆವರ್ ಮಾಡಿ, ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿದಾಗ ಏನೂ ಮಾಡದಿರಲು ಹೇಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪವರ್ ಉಳಿತಾಯದ ಗುರುತನ್ನೂ ತೆಗೆಯಿರಿ. ಶುರುವಾಗಲು ಮಾತ್ರ ಕೆಲವು ಸೆಕೆಂಡು ತಡವಾದರೆ ಗಾಬರಿ ಬೇಡ, ಮಲಗಿದ್ದ ಹಾರ್ಡ್ ಡಿಸ್ಕ್ ಎದ್ದು ತಿರುಗತೊಡಗಿದೆ ಅಷ್ಟೇ.

ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ತಾನಾಗಿ ಏಳಬೇಕಾದರೆ ಎರಡು ಬೇಕು. ಬಯೋಸ್‌ನಲ್ಲಿ ಎಸಿ ಪವರ್ ಲಾಸ್ ನಂತರದ ಸ್ಥಿತಿಯನ್ನು ಪವರ್ ಆನ್ ಎಂದಿಡಬೇಕು. ಜೆಲ್ಲಿಫಿನ್ ಸರ್ವಿಸ್ ಆಗಿರಬೇಕು. ಸಾದಾ ಇನ್‌ಸ್ಟಾಲ್ ಆದರೆ ಯಾರಾದರೂ ಲಾಗಿನ್ ಆಗುವವರೆಗೂ ಅದು ಶುರುವಾಗುವುದಿಲ್ಲ. ರೂಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಕೊಡುವಾಗ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಯೇ ಕೊಳ್ಳಿ, 9 ವೋಲ್ಟ್ ಬೇಡುವ ರೂಟರ್‌ಗಳೂ ಇವೆ.

ಮನೆಯಾಚೆಯಿಂದ ನೋಡುವವರಿಗೆ

ಅಮೆರಿಕದಲ್ಲಿರುವ ಮಗಳು ಊರಿನ ಕಂಪ್ಯೂಟರ್‌ನಿಂದ ತಂಗಿಯ ಮದುವೆ ವಿಡಿಯೋ ನೋಡಬೇಕೆಂದರೆ ಈಗ ಮಾತ್ರ ಬ್ರಾಡ್‌ಬ್ಯಾಂಡ್ ಲೆಕ್ಕಕ್ಕೆ ಬರುತ್ತದೆ, ಅದೂ ಊರಿನ ಮನೆಯ ಅಪ್‌ಲೋಡ್ ವೇಗ. ರೂಟರ್‌ನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಅಂದರೆ ಹಲವು ಮನೆಗಳು ಒಂದೇ ಹೊರವಿಳಾಸವನ್ನು ಹಂಚಿಕೊಂಡಿವೆ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಹೊರಗಿನಿಂದ ಬಾಗಿಲು ತೆರೆಯದು. ತೆರೆಯುವಂತಿದ್ದರೂ 8096ನ್ನು ಹಾಗೇ ಜಗತ್ತಿಗೆ ತೆರೆದಿಡಬೇಡಿ, ಆ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೂಡ ಗೂಢಲಿಪಿಯಿಲ್ಲದೆ ಹೋಗುತ್ತದೆ. ಎರಡೂ ಕಡೆ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿ, ಅದು ಕೊಡುವ 100ರಿಂದ ಶುರುವಾಗುವ ವಿಳಾಸದ ಕೊನೆಗೆ :8096 ಸೇರಿಸಿದರೆ ಸಿಜಿನ್ಯಾಟ್ ಇದ್ದರೂ ಕೆಲಸವಾಗುತ್ತದೆ. ಆಚೆ ಕಡೆಯ ಆಪ್‌ನಲ್ಲಿ ಗುಣಮಟ್ಟವನ್ನು 4 ಎಂಬಿಪಿಎಸ್‌ನಿಂದ ಶುರುಮಾಡಿ, ತಡವರಿಸದಿದ್ದರೆ ಒಂದೊಂದೇ ಮೆಟ್ಟಿಲು ಏರಿಸಿ.